ಉಪ್ಪಿನ ಪ್ಯಾಕೆಟಿನ ಮೇಲೊಂದು ತಾರೀಕು: ಬಿ.ಪಿ. ಇರುವವರಿಗೆ ಕರಾವಳಿಯ ಅಡುಗೆಮನೆಯಿಂದ

"ಉಪ್ಪು ಬಿಡಿ ಅಮ್ಮ." ಡಾಕ್ಟರು ಹೇಳಿದ್ದು ಇಷ್ಟೇ. ಮುಂದಿನ ಟೋಕನ್ನಿನವರು ಆಗಲೇ ಬಾಗಿಲು ತಳ್ಳಿಕೊಂಡು ನಿಂತಿದ್ದರು. ಆ ದಿನ ನನ್ನ ಬಿ.ಪಿ. 158/96 ಇತ್ತು. ಮಾತ್ರೆಯ ಚೀಟಿ ಹಿಡಿದುಕೊಂಡು ಉಡುಪಿಯಿಂದ ಮಲ್ಪೆ ಬಸ್ಸು ಹತ್ತಿ ಮನೆ ಸೇರುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು, ನಾಳೆಯಿಂದ ಉಪ್ಪೇ ಇಲ್ಲ. ಮರುದಿನ ಸಾರಿಗೆ ಹಾಕಲಿಲ್ಲ, ಪಲ್ಯಕ್ಕೆ ಹಾಕಲಿಲ್ಲ, ಬಂಗುಡೆಗೂ ಹಾಕಲಿಲ್ಲ. ಗಂಡ ಎರಡು ತುತ್ತು ಉಂಡು "ಎಂಥ ಚಪ್ಪೆ ಮಾರಾಯ್ತಿ ಇದು" ಎಂದು ಡಬ್ಬ ಹುಡುಕಲು ಎದ್ದರು. ಮೂರನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೇ ಒಣಸೀಗಡಿ ಚಟ್ನಿ ಹಾಕಿಕೊಂಡು ಎರಡು ಬಟ್ಟಲು ಗಂಜಿ ಉಂಡೆ. ಆಮೇಲೆ ನಾಚಿಕೆಯಾಗಿ ನಾಲ್ಕು ತಿಂಗಳು ಡಾಕ್ಟರ ಕಡೆಗೆ ತಲೆ ಹಾಕಲಿಲ್ಲ.

ಆ ನಾಲ್ಕು ತಿಂಗಳಲ್ಲಿ ನನಗೆ ಕೊರತೆ ಇದ್ದದ್ದು ತಿಳಿವಳಿಕೆಯದ್ದಲ್ಲ. ಉಪ್ಪು ಜಾಸ್ತಿಯಾದರೆ ಪ್ರೆಶರ್ ಏರುತ್ತದೆಂದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? "ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂಬ ಗಾದೆ ರಕ್ತನಾಳಕ್ಕೂ ಅನ್ವಯಿಸುತ್ತದೆ. ಉಪ್ಪಿನ ಸೋಡಿಯಂ ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ, ರಕ್ತದ ಗಾತ್ರ ಹೆಚ್ಚುತ್ತದೆ, ನಾಳದ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಇದೆಲ್ಲ ಗೊತ್ತಿದ್ದೂ ನನಗೆ "ಇದು ನನ್ನಿಂದ ಆಗುವ ಕೆಲಸ" ಎಂಬ ನಂಬಿಕೆ ಇರಲಿಲ್ಲ. ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಈ ನಂಬಿಕೆಗೇ ಒಂದು ಹೆಸರಿಟ್ಟು ಸಿದ್ಧಾಂತ ಕಟ್ಟಿದರು. ಅವರ ಮಾತಿನ ಸಾರ ಹೀಗೆ: ಈ ನಂಬಿಕೆ ಹುಟ್ಟುಗುಣವಲ್ಲ, ಕಟ್ಟಿಕೊಳ್ಳುವಂಥದ್ದು. ಅದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಕಟ್ಟುವುದು ಸ್ವತಃ ಮಾಡಿ ಗೆದ್ದ ಸಣ್ಣ ಕೆಲಸ. ನಾನು ಮೊದಲ ದಿನವೇ ಸೋಲುವಷ್ಟು ದೊಡ್ಡ ಕೆಲಸ ಹಿಡಿದಿದ್ದೆ.

ಎರಡನೇ ಸಲ ಸಣ್ಣದರಿಂದ ಹೊರಟೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಓದುವ ಮೊದಲು ಒಂದು ಮಾತು: ಮಾತ್ರೆ ನುಂಗುತ್ತಿರುವವರು ಉಪ್ಪು ಕಡಿಮೆ ಮಾಡಿದೆನೆಂದು ಮಾತ್ರೆ ನಿಲ್ಲಿಸಬೇಡಿ. ಎರಡೂ ಒಟ್ಟಿಗೆ ನಡೆಯಲಿ.

1. ಮೊದಲು ಅಳೆಯಿರಿ, ಏನನ್ನೂ ಬದಲಿಸಬೇಡಿ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಮಟ್ಟ ಮಾಡಿದ ಒಂದು ಟೀ ಚಮಚದಷ್ಟೂ ಇಲ್ಲ. ನಮ್ಮ ದೇಶದಲ್ಲಿ ಜನ ತಿನ್ನುವುದು ಹೆಚ್ಚುಕಡಿಮೆ ಅದರ ಎರಡು ಪಟ್ಟು. ಪಾಶ್ಚಾತ್ಯ ದೇಶಗಳಲ್ಲಿ ಉಪ್ಪಿನ ಬಹುಪಾಲು ಅಂಗಡಿಯ ತಯಾರಿ ತಿಂಡಿಯಿಂದ ಬರುತ್ತದಂತೆ. ನಮ್ಮಲ್ಲಿ ಬಹುಪಾಲು ಬರುವುದು ಮನೆಯ ಒಲೆಯ ಪಕ್ಕದ ಡಬ್ಬದಿಂದ. ಇದೇನು ಕೆಟ್ಟ ಸುದ್ದಿಯಲ್ಲ, ಯಾಕೆಂದರೆ ಆ ಡಬ್ಬ ನಮ್ಮ ಕೈಯಲ್ಲೇ ಇದೆ.

ಹೊಸ ಒಂದು ಕಿಲೋ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆಯಿರಿ. ಖಾಲಿಯಾದ ದಿನ ಲೆಕ್ಕ ಹಾಕಿ. 1000ವನ್ನು ದಿನಗಳಿಂದ ಭಾಗಿಸಿ, ಬಂದದ್ದನ್ನು ಮನೆಯ ಜನರಿಂದ ಭಾಗಿಸಿ. ನಮ್ಮದು ನಾಲ್ಕು ಜನ. ಮೊದಲ ಪ್ಯಾಕೆಟ್ 27 ದಿನಕ್ಕೆ ಮುಗಿಯಿತು, ಅಂದರೆ ತಲೆಗೆ ಒಂಬತ್ತು ಗ್ರಾಂ ಚಿಲ್ಲರೆ. ನಾಲ್ಕು ಜನ ತಲಾ 5 ಗ್ರಾಂ ತಿಂದರೆ ಅದೇ ಪ್ಯಾಕೆಟ್ 50 ದಿನ ಬರಬೇಕು. ಮೀನು ತೊಳೆಯಲು, ಉಪ್ಪಿನಕಾಯಿ ಹಾಕಲು ಕಲ್ಲುಪ್ಪು ಬೇರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಹೋಟೆಲಿನದ್ದು, ಬೇಕರಿಯದ್ದು ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ನಿಜವಾದ ಅಂಕಿ ಇನ್ನೂ ಸ್ವಲ್ಪ ಮೇಲೆಯೇ ಇರುತ್ತದೆ.

ಇನ್ನೊಂದು ಅಳತೆ ತಮಾಷೆಗೆಂದು ಮಾಡಿದ್ದು. ನಾವು ಹೆಂಗಸರು "ನನ್ನ ಕೈ ಅಳತೆ ತಪ್ಪುವುದಿಲ್ಲ" ಎಂದು ಬೀಗುತ್ತೇವಲ್ಲ. ಮಗನ ಡಿಜಿಟಲ್ ತಕ್ಕಡಿಯ ಮೇಲೆ ಪುಟ್ಟ ಬಟ್ಟಲಿಟ್ಟು ಮೂರು ಬೆರಳಿನ ಚಿಟಿಕೆ ಹತ್ತು ಸಲ ಹಾಕಿದೆ. ಒಂದೇ ಚಿಟಿಕೆ ಹಾಕಿದರೆ ತಕ್ಕಡಿ ಮಿಸುಕುವುದಿಲ್ಲ, ಅದಕ್ಕೇ ಹತ್ತು. ನನ್ನ ಹತ್ತು ಚಿಟಿಕೆ 7 ಗ್ರಾಂ ಬಂತು. ಗಂಡನ ಕೈಯಿಂದ ಹಾಕಿಸಿದರೆ 11. ಮೊಸರನ್ನಕ್ಕೆ ಅವರು ಪ್ರತಿ ರಾತ್ರಿ ಹಾಕಿಕೊಳ್ಳುತ್ತಿದ್ದ "ಒಂದೇ ಚಿಟಿಕೆ" ಒಂದು ಗ್ರಾಂ ದಾಟುತ್ತಿತ್ತು, ದಿನದ ಪಾಲಿನ ಐದನೇ ಒಂದು ಭಾಗ. ಅವರು ತಕ್ಕಡಿಯನ್ನೇ ಎರಡು ಸಲ ಆಫ್ ಮಾಡಿ ಆನ್ ಮಾಡಿದರು. ಆ ದಿನದಿಂದ ನಮ್ಮ ಡಬ್ಬದಲ್ಲಿ ಒಂದು ಚಮಚ ಕಾಯಂ ಕೂತಿದೆ, ಕೈ ಹಾಕುವ ಹಾಗಿಲ್ಲ.

2. ಹತ್ತರಲ್ಲಿ ಎಷ್ಟು?

ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಯಾವುದೇ ಬದಲಾವಣೆ ಶುರು ಮಾಡುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: "ಮುಂದಿನ ಹದಿನೈದು ದಿನ ಇದನ್ನು ಮಾಡಬಲ್ಲೆನೆಂದು ಹತ್ತರಲ್ಲಿ ಎಷ್ಟು ಅಂಕದ ಭರವಸೆ ನನಗಿದೆ?" ಏಳು ಅಥವಾ ಮೇಲೆ ಬಂದರೆ ಶುರು ಮಾಡಿ. ಏಳಕ್ಕಿಂತ ಕೆಳಗೆ ಬಂದರೆ ಕೆಲಸವನ್ನು ಚಿಕ್ಕದು ಮಾಡಿ, ನಿಮ್ಮನ್ನು ಬೈದುಕೊಳ್ಳಬೇಡಿ. ದೀರ್ಘಕಾಲದ ಕಾಯಿಲೆ ಇರುವವರಿಗಾಗಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ತರಬೇತಿಯಲ್ಲೂ ಇದೇ ಏಳರ ಗೆರೆ ಇದೆ.

ನನ್ನ ಪಟ್ಟಿ ಹೀಗಿತ್ತು. ಊಟಕ್ಕೆ ಕೂತ ಮೇಲೆ ಮೇಲುಪ್ಪು ಹಾಕಿಕೊಳ್ಳದಿರುವುದು: 9. ಸಾರಿನ ಉಪ್ಪು ಕಾಲು ಭಾಗ ಇಳಿಸುವುದು: 7. ಗಂಜಿಗೆ ಉಪ್ಪಿನಕಾಯಿ ಇಲ್ಲದಿರುವುದು: 3. ಅಕ್ಕನ ಮನೆಯಲ್ಲಿ ಬೇಡ ಅನ್ನುವುದು: 2. ಒಂಬತ್ತರದ್ದನ್ನು ಮೊದಲು ಹಿಡಿದೆ. ಮೂರರದ್ದನ್ನು ಬಿಡಲಿಲ್ಲ, ಒಡೆದೆ. "ಉಪ್ಪಿನಕಾಯಿ ಇಲ್ಲ" ಎಂಬುದನ್ನು "ರಾತ್ರಿ ಗಂಜಿಗೆ ಮಾತ್ರ ಇಲ್ಲ, ಬೆಳಗ್ಗೆ ಒಂದು ಹೋಳು" ಎಂದು ಮಾಡಿದಾಗ ಅಂಕ 8ಕ್ಕೆ ಏರಿತು.

ಪಟ್ಟಿ ಮಾಡುವಾಗ ಒಂದು ವಿಷಯ ಕಾಣುತ್ತದೆ. ಭರವಸೆ ಒಟ್ಟಾರೆ ಇರುವಂಥದ್ದಲ್ಲ, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಸ್ವಂತ ಅಡುಗೆಮನೆಯಲ್ಲಿ ಹುಲಿಯಾದವಳು ಮದುವೆ ಪಂಕ್ತಿಯಲ್ಲಿ ಇಲಿ. ಹಾಗಾಗಿ "ನನಗೆ ಮನಸ್ಸು ಗಟ್ಟಿ ಇಲ್ಲ" ಎಂದು ಸಾರಾಸಗಟು ತೀರ್ಪು ಕೊಟ್ಟುಕೊಳ್ಳುವುದು ಬೇಡ. ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂದು ಬರೆದುಕೊಂಡರೆ ಸಾಕು.

3. ಮೊದಲ ಹದಿನೈದು ದಿನ: ತಟ್ಟೆಯ ಬದಿಯದ್ದು

ಅಡುಗೆಗೆ ಕೈ ಹಚ್ಚಬೇಡಿ. ತಟ್ಟೆಯ ಬದಿಯಲ್ಲಿ ಬಂದು ಕೂರುವ ಉಪ್ಪನ್ನು ಮಾತ್ರ ನೋಡಿ. ಮೇಲುಪ್ಪು, ಮಜ್ಜಿಗೆಯ ಉಪ್ಪು, ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಉಪ್ಪಿನಕಾಯಿ. ಇವುಗಳಲ್ಲಿ ಒಂದನ್ನು ಆರಿಸಿ, ಎರಡು ಬೇಡ.

ಉಪ್ಪಿನಕಾಯಿಯ ತೂಕದಲ್ಲಿ ಹತ್ತನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಉಪ್ಪೇ ಇರುತ್ತದೆ. ನಮ್ಮ ಮಿಡಿಗಂತೂ ಭರಣಿಯಲ್ಲಿ ಉಪ್ಪಿನಲ್ಲೇ ಮುಳುಗಿ ಸುಕ್ಕುಗಟ್ಟಿದ ಮೇಲೆಯೇ ರುಚಿ. ಅದರ ರಸ ತಟ್ಟೆಗೆ ಬಡಿಸದೆ, ಹೋಳನ್ನು ಮಾತ್ರ ತೆಗೆದು, ಅರ್ಧ ಮಾಡಿ ಹಾಕಿಕೊಳ್ಳಿ. ಹಪ್ಪಳದಲ್ಲಿ ಉಪ್ಪಿನ ಜೊತೆ ಹಪ್ಪಳಖಾರವೂ ಇದೆ, ಅದರಲ್ಲೂ ಸೋಡಿಯಂ ಇದೆ. ಅಡುಗೆ ಸೋಡಾ ಕೂಡ ಇದೇ ಕುಲದ್ದು, ಒಂದು ಟೀ ಚಮಚದಲ್ಲಿ 1,200 ಮಿಲಿಗ್ರಾಂ ದಾಟಿ ಸೋಡಿಯಂ. ಗೋಳಿಬಜೆ, ಬನ್ಸ್ ಬಾಯಿಗೆ ಉಪ್ಪುಪ್ಪಾಗಿ ಸಿಗದಿದ್ದರೂ ಲೆಕ್ಕದಲ್ಲಿ ಬರುತ್ತವೆ. ಗೋಳಿಬಜೆ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಮಳೆಗಾಲದ ಸಂಜೆ ಆರರ ಬದಲು ಎರಡು ತಿನ್ನಿ, ಚಟ್ನಿಯಲ್ಲಿ ಮುಳುಗಿಸಬೇಡಿ.

ಒಣಮೀನಿನ ಮಾತು ಬೇರೆಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮಾರುಕಟ್ಟೆಯಲ್ಲಿ ಹಸಿಮೀನು ಕಡಿಮೆ, ಇದ್ದರೂ ಬೆಲೆ ಕೇಳುವ ಹಾಗಿಲ್ಲ. ಆಗ ಮನೆಮನೆಯಲ್ಲೂ ನುಂಗೆಲ್ ಮೀನು ಹೊರಬರುತ್ತದೆ. ನಾನದನ್ನು ಪೂರ್ತಿ ಬಿಟ್ಟಿಲ್ಲ. ವಾರಕ್ಕೊಮ್ಮೆ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಚೆಲ್ಲಿ, ಮತ್ತೊಮ್ಮೆ ನೆನೆಸಿ, ಮಸಾಲೆಗೆ ಬೇರೆ ಉಪ್ಪು ಹಾಕದೆ ಮಾಡುತ್ತೇನೆ. ಉಪ್ಪು ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಇದೇನು ಹೊಸ ವಿದ್ಯೆಯಲ್ಲ. ಭರಣಿಯಲ್ಲಿಟ್ಟ ಹಲಸಿನ ಉಪ್ಪುಸೊಳೆಯನ್ನು ಅಜ್ಜಿ ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಬೆಳಗ್ಗೆ ಹಿಂಡಿ, "ಉಪ್ಪು ಬಿಟ್ಟಿತಾ ನೋಡು" ಎಂದು ನನ್ನ ಬಾಯಿಗೆ ಒಂದು ಸೊಳೆ ಇಡುತ್ತಿದ್ದರು. ಉಪ್ಪು ಬಿಡಿಸುವುದು ಈ ಊರಿನ ಕೈಗೆ ಅಭ್ಯಾಸವಾದದ್ದೇ.

4. ಆಮೇಲೆ ಅಡುಗೆ: ಕಾಲು ಕಾಲು ಇಳಿಸಿ

ಸಾರು, ಪಲ್ಯ, ಗಸಿ ಎಲ್ಲದರಲ್ಲೂ ಈಗ ಹಾಕುವ ಉಪ್ಪಿನಲ್ಲಿ ಕಾಲು ಭಾಗ ಇಳಿಸಿ. ಎರಡು ಮೂರು ವಾರ ಅಲ್ಲೇ ನಿಲ್ಲಿ. ನಾಲಿಗೆ ಒಗ್ಗಿತೆಂದು ಅನ್ನಿಸಿದಾಗ ಇನ್ನೊಂದು ಕಾಲು. ನಾಲಿಗೆ ಒಗ್ಗಲು ವಾರಗಳು ಬೇಕು, ಕೆಲವರಿಗೆ ಎರಡು ಮೂರು ತಿಂಗಳು. ಒಗ್ಗಿದ ಮೇಲೆ ಹಳೆಯ ಉಪ್ಪು ಬಾಯಿಗೆ ಕಟುವಾಗಿ ತಗಲುತ್ತದೆ. ನನಗೆ ಇದು ಗೊತ್ತಾದದ್ದು ಮೂರನೇ ತಿಂಗಳು, ಯಾವಾಗಲೂ ತಿನ್ನುತ್ತಿದ್ದ ಬೇಕರಿಯ ಖಾರ ಬ್ರೆಡ್ಡನ್ನು ಅರ್ಧಕ್ಕೆ ಇಟ್ಟಾಗ.

ಮನೆಯವರಿಗೆ ಹೇಳಿ ಮಾಡುವುದೋ ಹೇಳದೆಯೋ? ನಾನು ಮೊದಲ ಕಾಲು ಭಾಗವನ್ನು ಹೇಳದೆ ಇಳಿಸಿದೆ. ಹನ್ನೆರಡು ದಿನ ಯಾರೂ ಏನೂ ಅನ್ನಲಿಲ್ಲ. ಹೇಳಿದ ಮರುದಿನ ಎಲ್ಲರಿಗೂ ಚಪ್ಪೆಯಾಯಿತು! ಆದರೂ ಕೊನೆಗೆ ಹೇಳುವುದೇ ಒಳ್ಳೆಯದು. ಕದ್ದು ಮಾಡಿದ್ದಕ್ಕೆ ಬೆನ್ನು ತಟ್ಟುವವರು ಸಿಗುವುದಿಲ್ಲ, ಈ ದಾರಿಯಲ್ಲಿ ಅದು ಬೇಕು.

ನಮ್ಮ ಊಟದಲ್ಲಿ ಉಪ್ಪು ಪದರ ಪದರವಾಗಿ ಕೂರುತ್ತದೆ. ದೋಸೆ ಹಿಟ್ಟಿಗೆ ಉಪ್ಪು, ಚಟ್ನಿಗೆ ಉಪ್ಪು, ಸಾಂಬಾರಿಗೆ ಉಪ್ಪು. ಒಂದು ಪದರವನ್ನು ಖಾಲಿ ಬಿಡಿ. ನೀರುದೋಸೆ ಹಿಟ್ಟಿಗೆ ನಾನು ಈಗ ಹೆಸರಿಗಷ್ಟೇ ಉಪ್ಪು ಹಾಕುವುದು. ಕೋಳಿಸಾರಿನಲ್ಲಿ ಅದ್ದಿ ತಿನ್ನುವಾಗ ಯಾರಿಗೂ ತಿಳಿಯುವುದಿಲ್ಲ. ಪುಂಡಿಗೂ ಹಾಗೆಯೇ. ಈ ವಿಷಯದಲ್ಲಿ ಕುಚ್ಚಲಕ್ಕಿ ಉಣ್ಣುವ ನಾವು ಪುಣ್ಯವಂತರು, ಅನ್ನ ಬೇಯಿಸುವಾಗ ಉಪ್ಪು ಹಾಕುವ ರೂಢಿಯೇ ನಮ್ಮಲ್ಲಿಲ್ಲ. ಅರ್ಧ ತಟ್ಟೆ ಆಗಲೇ ಉಪ್ಪಿಲ್ಲದ್ದು.

ಉಪ್ಪು ಹಾಕುವ ಸಮಯವೂ ಮುಖ್ಯ. ಪಲ್ಯ ಬೇಯುವಾಗ ಹಾಕಿದ್ದು ಒಳಗೆ ಇಂಗುತ್ತದೆ. ಇಳಿಸುವ ಮುಂಚೆ ಹಾಕಿದ್ದು ಮೇಲೆಯೇ ಇದ್ದು ನಾಲಿಗೆಗೆ ಬೇಗ ಸಿಗುತ್ತದೆ, ಕಡಿಮೆ ಸಾಕಾಗುತ್ತದೆ. ಸೊಪ್ಪಿನ ಪಲ್ಯಕ್ಕೆ ಕೊನೆಗೇ ಹಾಕಿ, ಯಾಕೆಂದರೆ ಬಾಣಲೆ ತುಂಬ ಕಾಣುವ ಹರಿವೆ ಬೆಂದ ಮೇಲೆ ಒಂದು ಹಿಡಿ ಆಗುತ್ತದೆ. ಮೊದಲೇ ಕಣ್ಣಂದಾಜಿಗೆ ಹಾಕಿದ ಉಪ್ಪು ಕುಗ್ಗುವುದಿಲ್ಲ.

ಕಲ್ಲುಪ್ಪು, ಸೈಂಧವ, ಗುಲಾಬಿ ಉಪ್ಪು ತಿಂದರೆ ಬಿ.ಪಿ. ಏರುವುದಿಲ್ಲ ಎಂದು ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ತೂಕಕ್ಕೆ ತೂಕ ಹಿಡಿದರೆ ಎಲ್ಲವೂ ಹೆಚ್ಚುಕಡಿಮೆ ಅದೇ ಸೋಡಿಯಂ ಕ್ಲೋರೈಡ್. ಅದರ ಮೇಲೆ ಅಯೋಡಿನ್ ಸೇರಿಸಿರದಿದ್ದರೆ ಗಳಗಂಡದ ಚಿಂತೆ. ಕಡಿಮೆ ತಿನ್ನಿ, ಅಯೋಡಿನ್ ಇರುವುದನ್ನೇ ತಿನ್ನಿ.

5. ಉಪ್ಪು ಬಿಟ್ಟುಹೋದ ಜಾಗಕ್ಕೆ ಹುಳಿ ಬರಲಿ

ಉಪ್ಪು ಇಳಿಸಿ ಸುಮ್ಮನಿದ್ದರೆ ಅಡುಗೆ ಚಪ್ಪೆಯೇ. ಆ ಜಾಗಕ್ಕೆ ಏನಾದರೂ ಬರಬೇಕು, ಇಲ್ಲಿ ನಮ್ಮೂರನ್ನು ಮೀರಿಸುವ ಊರಿಲ್ಲ ಎನ್ನುತ್ತೇನೆ. ಹುಣಸೆ, ಪುನರ್ಪುಳಿ, ಬಿಂಬುಳಿ, ಅಂಬಟೆ, ಮಾವಿನಕಾಯಿ, ನಿಂಬೆ. ಹುಳಿ ಸ್ವಲ್ಪ ಏರಿದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ.

ನನ್ನ ಪುನರ್ಪುಳಿ ಸಾರು ಹೀಗೆ. ಏಳೆಂಟು ಒಣಸಿಪ್ಪೆಯನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕಿವುಚಿ, ನಾಲ್ಕು ಲೋಟ ನೀರು ಮಾಡಿ ಕುದಿಸುವುದು. ಸಿಪ್ಪೆ ಕೊಳ್ಳುವಾಗಲೇ ಉಪ್ಪು ಹಾಕಿ ಒಣಗಿಸಿದ್ದೋ ಹಾಗೇ ಒಣಗಿಸಿದ್ದೋ ಕೇಳಿ, ಹಾಗೇ ಒಣಗಿಸಿದ್ದನ್ನು ತನ್ನಿ. ನೆಲ್ಲಿಕಾಯಿಯಷ್ಟು ಬೆಲ್ಲ, ಸೀಳಿದ ಹಸಿಮೆಣಸು ಎರಡು. ಉಪ್ಪು ಮಟ್ಟ ಮಾಡಿದ ಅರ್ಧ ಟೀ ಚಮಚ, ನಾಲ್ಕು ಜನಕ್ಕೆ ಅಷ್ಟೇ. ಕೊನೆಗೆ ತೆಂಗಿನೆಣ್ಣೆಯಲ್ಲಿ ಎಂಟು ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ ಕೆಂಪಗೆ ಹುರಿದು, ಕರಿಬೇವಿನ ಜೊತೆ ಒಗ್ಗರಣೆ. ಒಗ್ಗರಣೆ ಬಿದ್ದ ಕೂಡಲೇ ಮುಚ್ಚಳ ಮುಚ್ಚಿ ಐದು ನಿಮಿಷ ಬಿಡಿ. ಮುಚ್ಚಳ ತೆಗೆದಾಗ ಬರುವ ಆ ಪರಿಮಳವೇ ಅರ್ಧ ಉಪ್ಪಿನ ಕೆಲಸ ಮಾಡುತ್ತದೆ.

ಬಂಗುಡೆ ಪುಳಿಮುಂಚಿಗೆ ಹುಣಸೆ ಸ್ವಲ್ಪ ಜಾಸ್ತಿ, ಶುಂಠಿ, ಹಸಿಮೆಣಸು, ಬ್ಯಾಡಗಿ. ಹುರಿಯುವ ಮೀನಿಗೆ ಉಪ್ಪು ಹಚ್ಚಿ ಗಂಟೆಗಟ್ಟಲೆ ಇಡುತ್ತಿದ್ದೆ. ಈಗ ನಿಂಬೆರಸ, ಕಾಳುಮೆಣಸು, ಶುಂಠಿ ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ, ಉಪ್ಪು ಮಸಾಲೆಯಲ್ಲಿ ಇರುವಷ್ಟೇ. ತಂಬುಳಿಗೆ ಮಜ್ಜಿಗೆಯ ಹುಳಿ ಇರುವುದರಿಂದ ಒಂದೆಲಗದ್ದಕ್ಕೆ ನಾನು ಉಪ್ಪೇ ಹಾಕುವುದಿಲ್ಲ. ಇದು ಮಾತ್ರ ಮನೆಯಲ್ಲಿ ಇನ್ನೂ ವಿವಾದದಲ್ಲಿದೆ.

ಉಡುಪಿಯ ಮಠದ ಅಡುಗೆಯನ್ನು ನೋಡಿದವರಿಗೆ ಚಾತುರ್ಮಾಸ್ಯದ ಶಾಕವ್ರತ ಗೊತ್ತು. ಒಂದು ತಿಂಗಳು ತರಕಾರಿ ಇಲ್ಲ, ಹಸಿಮೆಣಸು ಒಣಮೆಣಸು ಇಲ್ಲ, ಹುಣಸೆ ಇಲ್ಲ. ಕಾಳುಮೆಣಸು, ಜೀರಿಗೆ, ಒಣಮಾವು, ಬೇಳೆ ಇಟ್ಟುಕೊಂಡು ದಿನಾ ಅಡುಗೆ ನಡೆಯುತ್ತದೆ, ಉಂಡವರು ಬೆರಳು ಚೀಪುತ್ತಾರೆ. ನಮ್ಮ ಪಕ್ಕದ ಮನೆಯವರು ಅದನ್ನು ಮಾಡುವುದನ್ನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಇಷ್ಟು ಬಿಟ್ಟೂ ಅಡುಗೆ ಮಾಡಬಲ್ಲವರಿಗೆ ಅರ್ಧ ಚಮಚ ಉಪ್ಪು ಬಿಡುವುದು ಯಾವ ಲೆಕ್ಕ ಎಂದು ನನಗೆ ಒಂದು ದಿನ ಹೊಳೆಯಿತು, ಆಮೇಲೆ ಅವರ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿ ಕಲಿತೆ. ನಮ್ಮಂಥವರೇ ಮಾಡುವುದನ್ನು ಕಣ್ಣಾರೆ ಕಂಡರೆ ಭರವಸೆ ಏರುತ್ತದೆಂದು ಬಂಡೂರಾ ಕೂಡ ಹೇಳುತ್ತಾರೆ. ನಿಮ್ಮ ಬೀದಿಯಲ್ಲಿ ಬಿ.ಪಿ. ಇದ್ದೂ ಚೆನ್ನಾಗಿ ಉಣ್ಣುವ ಒಬ್ಬರನ್ನು ಹುಡುಕಿ, ಅವರ ಅಡುಗೆಮನೆಗೆ ಹೋಗಿ. ಟಿವಿಯ ತಜ್ಞರಿಗಿಂತ ಅವರಿಂದ ಹೆಚ್ಚು ಸಿಗುತ್ತದೆ.

6. ಮನೆಯ ಹೊರಗೆ

ಮೊದಲೇ ಮಾತು ಸಿದ್ಧ ಮಾಡಿಟ್ಟುಕೊಳ್ಳಿ. "ಇಂಥದ್ದು ಬಂದರೆ ಹೀಗೆ ಮಾಡುತ್ತೇನೆ" ಎಂದು ಮನೆಯಲ್ಲೇ ಒಂದು ಸಲ ಬಾಯಿಬಿಟ್ಟು ಹೇಳಿಕೊಂಡು ಹೊರಡಿ. ಮದುವೆ ಊಟದಲ್ಲಿ ಎಲೆಯ ಎಡತುದಿಗೆ ಉಪ್ಪು, ಉಪ್ಪಿನಕಾಯಿ ಬರುವ ಹೊತ್ತಿಗೆ ನನ್ನ ಅಂಗೈ ಆ ಮೂಲೆಯ ಮೇಲೆ ಇರುತ್ತದೆ. ಬಡಿಸುವವರಿಗೆ ವಾದಕ್ಕೆ ಪುರುಸೊತ್ತಿಲ್ಲ, ಮುಂದೆ ಹೋಗುತ್ತಾರೆ. ಸಾರನ್ನು ಸುರಿಸಿಕೊಂಡು ಕುಡಿಯದೆ ಅನ್ನಕ್ಕೆ ಬೇಕಾದಷ್ಟು. ಪಾಯಸಕ್ಕೆ ಈ ಲೇಖನದಲ್ಲಿ ಅಡ್ಡಿಯಿಲ್ಲ, ಸಕ್ಕರೆ ಕಾಯಿಲೆ ಇದ್ದರೆ ಅದು ಬೇರೆ ಪುರಾಣ.

ಹೋಟೆಲಿನಲ್ಲಿ ಸಾಂಬಾರು ಚಟ್ನಿಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುವುದೇ ಉಪ್ಪಿನ ದೊಡ್ಡ ದಾರಿ. ಒಂದೇ ಸಲ ಹಾಕಿಸಿಕೊಳ್ಳಿ. ದೋಸೆಗೆ ಚಟ್ನಿಪುಡಿ ಬೇಡವೆನ್ನಿ.

ಕಷ್ಟವಾದದ್ದು ನೆಂಟರ ಮನೆ. ಪ್ರೀತಿಯಿಂದ ಬಡಿಸುವವರಿಗೆ ಬೇಡ ಅನ್ನುವುದು ನಮ್ಮಲ್ಲಿ ಜಗಳಕ್ಕೆ ಸಮ. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂದು ಅಕ್ಕ ಗಾದೆ ಬೇರೆ ಹೇಳುತ್ತಾಳೆ. "ಡಾಕ್ಟರು ಬೈತಾರೆ" ಎಂದು ಹೇಳಿ ನೋಡಿದೆ, "ಒಂದು ದಿನಕ್ಕೆ ಏನಾಗ್ತದೆ" ಎಂದು ಇನ್ನೊಂದು ತುಂಡು ಬಿತ್ತು. ಕೊನೆಗೆ ಕೆಲಸ ಮಾಡಿದ ಮಾತು ಇದು: "ಅಕ್ಕ, ನನಗೆ ಪಥ್ಯ." ಪಥ್ಯ ಅಂದರೆ ನಮ್ಮ ಕಡೆ ಹೆಂಗಸರು ತಕ್ಷಣ ಕೈ ಹಿಂದಕ್ಕೆ ತೆಗೆಯುತ್ತಾರೆ, ಬಾಣಂತಿತನದಿಂದ ಆ ಶಬ್ದಕ್ಕೆ ಅಷ್ಟು ಮರ್ಯಾದೆ. ಎರಡು ಇದ್ದ ನನ್ನ ಅಂಕ ಒಂದೇ ಭೇಟಿಗೆ ಆರಕ್ಕೆ ಬಂತು.

ಪ್ಯಾಕೆಟ್ ತಿಂಡಿ ಕೊಳ್ಳುವಾಗ ಹಿಂದೆ ಬರೆದ ಸೋಡಿಯಂ ಅಂಕಿ ನೋಡಿ, ಎರಡೂವರೆಯಿಂದ ಗುಣಿಸಿ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು 2 ಗ್ರಾಂ ಉಪ್ಪು. ಮಿಕ್ಸ್ಚರು, ಚಿಪ್ಸು, ನೂಡಲ್ಸಿನ ಮಸಾಲೆ ಚೀಟಿ, ಸಾಸು, ಸೂಪ್ ಪುಡಿ ಇವನ್ನು ಒಂದು ಸಲ ಹೀಗೆ ಲೆಕ್ಕ ಹಾಕಿದರೆ ಮತ್ತೆ ಹೇಳಬೇಕಾಗಿಲ್ಲ.

7. ಜಾರಿದ ಮರುದಿನ

ಜಾರುತ್ತೀರಿ. ನಾನು ನೇಮದ ಮನೆಯಲ್ಲಿ, ದೀಪಾವಳಿಯಲ್ಲಿ, ಯಾವ ಕಾರಣವೂ ಇಲ್ಲದ ಒಂದು ಮಂಗಳವಾರವೂ ಜಾರಿದ್ದೇನೆ. ಅಪಾಯ ಜಾರಿದ ಆ ಊಟದಲ್ಲಿ ಇಲ್ಲ, "ಹೇಗೂ ಹೋಯ್ತಲ್ಲ" ಎಂದು ಮುಂದಿನ ಹತ್ತು ಊಟ ಬಿಟ್ಟುಕೊಡುವುದರಲ್ಲಿ ಇದೆ. ಹಿಂದಿನ ಸಲ ನಾಲ್ಕು ತಿಂಗಳು ಡಾಕ್ಟರನ್ನು ತಪ್ಪಿಸಿಕೊಂಡದ್ದೂ ಇದೇ ಗುಣದಿಂದ. ಮರುದಿನ ಮಾಡಬೇಕಾದದ್ದು ಎರಡು. ಮುಂದಿನ ಊಟವನ್ನು ಪಟ್ಟಿಯ ಅತ್ಯಂತ ಸುಲಭದ ಹೆಜ್ಜೆಗೆ ಇಳಿಸಿ, ನನ್ನದು ಮೇಲುಪ್ಪು ಬೇಡ ಎಂಬುದು. ಆಮೇಲೆ ಯಾವುದು ಜಾರಿಸಿತೆಂದು ಕ್ಯಾಲೆಂಡರಿನ ಆ ಚೌಕದಲ್ಲಿ ಒಂದೇ ಶಬ್ದ ಬರೆಯಿರಿ: ಹಸಿವು, ನೆಂಟರು, ಸಿಟ್ಟು. ಮೂರು ತಿಂಗಳ ಕ್ಯಾಲೆಂಡರ್ ತಿರುವಿದಾಗ ನನ್ನದರಲ್ಲಿ ಹೆಚ್ಚು ಕಂಡದ್ದು "ಹಸಿವು". ಸಂಜೆ ಐದಕ್ಕೆ ಒಂದು ಬಾಳೆಹಣ್ಣು ತಿನ್ನತೊಡಗಿದ ಮೇಲೆ ಮಿಕ್ಸ್ಚರಿನ ಡಬ್ಬದ ಕಡೆ ಕೈ ಹೋಗುವುದು ಅರ್ಧಕ್ಕರ್ಧ ನಿಂತಿತು.

8. ಬಿ.ಪಿ. ನೋಡುವ ಕ್ರಮ, ಕೆಲವು ಎಚ್ಚರ

ಅಧ್ಯಯನಗಳ ಪ್ರಕಾರ ಬಿ.ಪಿ. ಇರುವವರು ದಿನಕ್ಕೆ 4 ಗ್ರಾಂ ಆಸುಪಾಸು ಉಪ್ಪು ಇಳಿಸಿದರೆ ಮೇಲಿನ ಅಂಕಿ ಸರಾಸರಿ 5 ಪಾಯಿಂಟಿನಷ್ಟು ಇಳಿಯುತ್ತದೆ. ಒಂದು ದಿನದ ಅಂಕಿಯಲ್ಲಿ ಇದು ಕಾಣುವುದಿಲ್ಲ, ಏರಿಳಿತ ಅದಕ್ಕಿಂತ ದೊಡ್ಡದು. ಒಂದು ವಾರ ಬೆಳಗ್ಗೆ ಸಂಜೆ ನೋಡಿ ಸರಾಸರಿ ತೆಗೆಯಿರಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಮನೆಯ ಸರಾಸರಿ 135/85 ಮುಟ್ಟಿದರೆ ಅಥವಾ ದಾಟಿದರೆ ಅದು ಹೆಚ್ಚೇ. ಯಂತ್ರ ಇಲ್ಲದವರು ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಹೋಗಬಹುದು.

ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಿಗೆ ಪಾರ್ಶ್ವವಾಯು 14 ಶೇಕಡಾ ಕಡಿಮೆಯಾಗಿತ್ತು. ಆದರೆ ಕಿಡ್ನಿ ತೊಂದರೆ ಇರುವವರಿಗೆ ಇದು ಅಪಾಯ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವುಗಳಲ್ಲಿ ಯಾವುದಾದರೂ ನಿಮ್ಮ ಚೀಟಿಯಲ್ಲಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಡಾಕ್ಟರನ್ನು ಕೇಳದೆ ಕೊಳ್ಳಬೇಡಿ. ಕಿಡ್ನಿ ತೊಂದರೆ ಇರುವವರು ಎಳನೀರಿನ ಬಗ್ಗೆಯೂ ಕೇಳಿಕೊಳ್ಳಿ.

"ನಮ್ಮ ಸೆಕೆಗೆ ಬೆವರು ಹರಿಯುತ್ತದೆ, ಉಪ್ಪು ಬೇಡವಾ?" ಎಂದು ಮಂಗಳೂರಿನ ನೆಂಟರೆಲ್ಲ ಕೇಳುತ್ತಾರೆ. ಮನೆ, ಆಫೀಸಿನ ದಿನಚರಿಯ ಬೆವರಿಗೆ 5 ಗ್ರಾಂ ಧಾರಾಳ ಸಾಕು. ಬಿಸಿಲಲ್ಲಿ ದಿನವಿಡೀ ದುಡಿಯುವವರು, ವಾಂತಿಭೇದಿ ಆದವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ವಯಸ್ಸಾದವರು ಬೇರೆ. ಅಂಥವರಲ್ಲಿ ಸೋಡಿಯಂ ತೀರಾ ಇಳಿದರೆ ಮಂಕು, ತಲೆಸುತ್ತು, ಮಾತಿನ ಗೊಂದಲ ಬರಬಹುದು. ನನ್ನ ಅತ್ತೆಗೆ 82, ಉಣ್ಣುವುದೇ ಒಂದು ಹಿಡಿ. ಅವರ ಉಪ್ಪಿನ ವಿಷಯಕ್ಕೆ ನಾನು ಡಾಕ್ಟರನ್ನು ಕೇಳದೆ ಕೈ ಹಾಕಲಿಲ್ಲ. ಇನ್ನು ಬಿ.ಪಿ. 180/120 ದಾಟಿ ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಬದಿ ಸೋಲುವುದು ಕಂಡರೆ ಉಪ್ಪಿನ ಲೆಕ್ಕ ಬದಿಗಿಟ್ಟು 108ಕ್ಕೆ ಕರೆ ಮಾಡಿ.

ಡಾಕ್ಟರ ಬಳಿ ಹೋಗುವಾಗ ಒಂದು ಚೀಟಿ ಒಯ್ಯಿರಿ: ವಾರದ ಬಿ.ಪಿ. ಸರಾಸರಿ, ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬಂತು, ಮುಂದೆ ಯಾವ ಹೆಜ್ಜೆ, ಅದಕ್ಕೆ ಹತ್ತರಲ್ಲಿ ಎಷ್ಟು. ನಾಲ್ಕು ತಿಂಗಳ ನಂತರ ನಾನು ಬೇರೆ ಡಾಕ್ಟರ ಬಳಿ ಹೋದೆ, ಮೊದಲ ಸಲ ಬರಿಗೈ. ಎರಡನೇ ಸಲ ಚೀಟಿಯಲ್ಲಿ 44 ದಿನ ಎಂದಿತ್ತು, ತಲೆಗೆ ಐದೂಮುಕ್ಕಾಲು ಗ್ರಾಂ. ಅವರು ಅದನ್ನು ಎರಡು ಸಲ ಓದಿ, "ಇದೇನಮ್ಮ, ಪ್ಯಾಕೆಟ್ ಲೆಕ್ಕ?" ಎಂದು ಕೇಳಿ, ಪೂರ್ತಿ ವಿವರಿಸುವವರೆಗೂ ಮುಂದಿನ ಟೋಕನ್ ಕರೆಯಲಿಲ್ಲ.